ಡೇಟಾಬೇಸಿಗೇ ಬಣ್ಣ ಬಳಿದಿದ್ದೆ

ಬಿಲ್‌ಗಳ ಲೆಕ್ಕ ಇಡುವ ಸಣ್ಣದೊಂದು ಸಾಫ್ಟ್‌ವೇರ್ ಬರೆದಿದ್ದೆ. ಸ್ಕ್ರೀನ್ ಮೇಲೆ ಹೇಗೆ ಕಾಣಬೇಕೋ ಹಾಗೇ ಡೇಟಾಬೇಸಿನಲ್ಲೂ ತುಂಬಿಸಿದ್ದೆ. ಮೊತ್ತ '12,500.00', ಕಾಮಾ ಸಮೇತ. ತಾರೀಕು '03/04/2019'. ದುಡ್ಡು ಬಂದಿಲ್ಲ ಅಂದ್ರೆ 'ಬಾಕಿ' ಅನ್ನುವ ಪದ, ಅದರ ಸುತ್ತ ಕೆಂಪಾಗಿ ತೋರಿಸು ಎಂದು ಬ್ರೌಸರಿಗೆ ಹೇಳುವ ಎಚ್‌ಟಿಎಂಎಲ್ ಟ್ಯಾಗ್. ಓದಿ ಹಾಗೇ ತೋರಿಸಿದರೆ ಆಯ್ತು, ಅಲ್ವಾ? 1979ರಲ್ಲೇ ನಾರ್ವೆಯ ಕಂಪ್ಯೂಟರ್ ವಿಜ್ಞಾನಿ ಟ್ರಿಗ್ವೆ ರೀನ್‌ಸ್ಕೌಗ್ ಮಾಡೆಲ್ (ಮಾಹಿತಿ) ಬೇರೆ, ವ್ಯೂ (ಅದು ಕಾಣುವ ರೀತಿ) ಬೇರೆ ಎಂದಿದ್ದು ನನಗೂ ಗೊತ್ತಿತ್ತು. ಇಂಟರ್‌ವ್ಯೂಗೆ ಬಾಯಿಪಾಠ ಮಾಡಿದ್ದೆ!

ಆಮೇಲೆ ಸಿಎಸ್‌ವಿ ಡೌನ್‌ಲೋಡ್ ಬೇಕು ಅಂದರು, ಅಂದರೆ ಕಾಲಂಗಳನ್ನು ಕಾಮಾದಿಂದ ಬೇರ್ಪಡಿಸುವ ಫೈಲ್. ಒಂದು ಮೊತ್ತ ಎರಡು ಕಾಲಂ ಆಗಿ ಒಡೆಯಿತು. ಟ್ಯಾಗ್ ಬರೀ ಅಕ್ಷರವಾಗಿ ಹೊರಬಿತ್ತು. ದೊಡ್ಡ ಮೊತ್ತ ಮೊದಲು ಬರಲಿ ಎಂದು ಜೋಡಿಸಿದರೆ 9,000 ಮೇಲೆ, 12,500 ಕೆಳಗೆ. ಪಠ್ಯವಾಗಿ ಹೋಲಿಸಿದಾಗ 1ಕ್ಕಿಂತ 9 ದೊಡ್ಡದು ತಾನೇ.

ಮೊತ್ತ, ತಾರೀಕು ಸರಿಮಾಡುವುದು ಸುಲಭವಿತ್ತು. ಮೊತ್ತವನ್ನು ಪೈಸೆ ಲೆಕ್ಕದ ಪೂರ್ಣಾಂಕ ಮಾಡಿದೆ, 1250000. ತಾರೀಕನ್ನು ಡೇಟ್ ಟೈಪಿಗೆ ಬದಲಿಸಿದೆ. ಕಾಮಾ, ಚುಕ್ಕಿ ಎಲ್ಲ ತೋರಿಸುವ ಹೊತ್ತಿಗೆ.

ತಲೆ ತಿಂದಿದ್ದು 'ಬಾಕಿ'. ಅದನ್ನು ಡೇಟಾಬೇಸಿನ ಟೇಬಲಿನಿಂದ ಕಿತ್ತು ಸ್ಕ್ರೀನಿನ ಟೆಂಪ್ಲೇಟಿನೊಳಗೆ (ಪುಟದ ಅಚ್ಚು) ಒಂದು ಇಫ್, ಅಂದರೆ ಷರತ್ತು, ಬರೆದೆ. ಕೊನೇ ತಾರೀಕು ದಾಟಿದರೆ ಕೆಂಪು. ಇಮೇಲ್ ಟೆಂಪ್ಲೇಟಿನಲ್ಲೂ ಅದೇ ಇಫ್, ಆದರೆ ಅಲ್ಲಿ ಕೊನೇ ದಿನವನ್ನೂ ಸೇರಿಸಿಬಿಟ್ಟಿದ್ದೆ. ಇಮೇಲ್ ಬಾಕಿ ಅಂತು, ಸ್ಕ್ರೀನ್ ಇಲ್ಲ ಅಂತು. ಆಗ ಹೊಳೆಯಿತು: ಬಾಕಿ ಹೌದೋ ಅಲ್ವೋ ಎಂಬ ತೀರ್ಮಾನವೇ ಬೇರೆ, ಅದರ ಬಣ್ಣವೇ ಬೇರೆ. ತೀರ್ಮಾನಕ್ಕೆ ಒಂದೇ ಫಂಕ್ಷನ್ ಇಟ್ಟೆ. ಬಣ್ಣವನ್ನು ಪುಟದ ಅಂದಚಂದ ನೋಡಿಕೊಳ್ಳುವ ಸಿಎಸ್‌ಎಸ್‌ಗೆ ಬಿಟ್ಟೆ. ಅಲ್ಲೂ ಎಡವಿದೆ ನೋಡಿ, ಆ ಶೈಲಿಯ ಕ್ಲಾಸಿಗೆ 'ರೆಡ್' ಎಂದೇ ಹೆಸರಿಟ್ಟೆ. ಡಿಸೈನರ್ ಬಣ್ಣ ಬದಲಿಸಿದ ಮೇಲೆ ನಮ್ಮ 'ರೆಡ್' ಕಿತ್ತಳೆಯಾಗಿ ಕೂತಿತ್ತು. ಈಗ ಅದರ ಹೆಸರು 'ಓವರ್‌ಡ್ಯೂ'.

ಹಳೇ ತಾರೀಕುಗಳು ಮಾತ್ರ ಜಾಸ್ತಿ ಕಾಡಿದವು. ಒಂದು ಫಾರ್ಮ್ ದಿನ ಮೊದಲು ಬರೆಯುತ್ತಿತ್ತು, ಇನ್ನೊಂದು ತಿಂಗಳು ಮೊದಲು. 25/04 ಆದರೆ ಗೊಂದಲವಿಲ್ಲ. 03/04 ಏಪ್ರಿಲ್ಲೋ ಮಾರ್ಚೋ? ಬಿಲ್ ನಂಬರಿನ ಹಿಂದುಮುಂದಿನ ಸಾಲು ನೋಡಿ ಸುಮಾರು ಬಿಡಿಸಿದೆ. ಉಳಿದವನ್ನು ಊಹಿಸಲು ಹೋಗದೆ ಖಾಲಿ ಬಿಟ್ಟೆ. ಹಳೇ ಕಾಲಂ ಇನ್ನೂ ಹಾಗೇ ಇದೆ, ಅಳಿಸಲು ಧೈರ್ಯ ಬಂದಿಲ್ಲ.