ಹಸಿರು ದೀಪ ನಂಬದೆ ಯುಪಿಎಸ್ ಬ್ಯಾಟರಿ ಬ್ಯಾಂಕ್ ಕಾಯುವುದು: ನಮ್ಮ ಸರ್ವರ್ ರೂಮಿನ ಅನುಭವ

ಸರ್ವರ್ ಮೇಲೆ ಕಣ್ಣಿಡುವ ಪ್ರೊಮೀಥಿಯಸ್, ಅದರ ಗ್ರಾಫ್ ತೋರಿಸುವ ಗ್ರಫಾನಾ ಕೂರಿಸುವುದು ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ನಮ್ಮದು ಪೀಣ್ಯದಲ್ಲಿ ನಾಲ್ಕು ರ್‍ಯಾಕಿನ ರೂಮು. ಸುಮಾರು 40 ಸರ್ವರ್, 20 ಕೆವಿಎ ಯುಪಿಎಸ್, ಅದರ ಹಿಂದೆ ಡಿಜಿ (ಡೀಸೆಲ್ ಜನರೇಟರ್). ಸಿಪಿಯು, ಮೆಮೊರಿ, ಡಿಸ್ಕು ಎಲ್ಲಕ್ಕೂ ಗ್ರಾಫ್ ಇತ್ತು. ಆದರೆ ರೂಮು ಎರಡು ಸಲ ಪೂರ್ತಿ ಮಲಗಿದ್ದು ಬ್ಯಾಟರಿಯಿಂದ. ಎರಡೂ ಸಲ ಯುಪಿಎಸ್ಸಿನ ಸ್ಥಿತಿಯನ್ನು ನೆಟ್ವರ್ಕಿನಲ್ಲಿ ಹೇಳುವ ಎಸ್‌ಎನ್‌ಎಂಪಿ ಕಾರ್ಡು "ಬ್ಯಾಟರಿ ನಾರ್ಮಲ್, ಇನ್ನೂ 22 ನಿಮಿಷ" ಎನ್ನುತ್ತಿತ್ತು. ಕರೆಂಟು ಹೋಗಿ ಡಿಜಿ ಲೋಡ್ ಎತ್ತಿಕೊಳ್ಳುವ ಹನ್ನೆರಡು ಸೆಕೆಂಡನ್ನೂ ಬ್ಯಾಂಕು ತಡೆಯಲಿಲ್ಲ.

ಕಾರ್ಡು ನೋಡುವುದು ಇಡೀ ಸ್ಟ್ರಿಂಗಿನ ಒಟ್ಟು ವೋಲ್ಟೇಜನ್ನು. ನಮ್ಮಲ್ಲಿ 12 ವೋಲ್ಟಿನ, 42 ಎಎಚ್‌ನ 20 ಬ್ಯಾಟರಿ ಸೀರೀಸಿನಲ್ಲಿವೆ, ತಲಾ ಆರರಂತೆ 120 ಸೆಲ್. ಫ್ಲೋಟಿನಲ್ಲಿ, ಅಂದರೆ ತುಂಬಿದ ಬ್ಯಾಟರಿಯನ್ನು ತುಂಬಿಯೇ ಇಡುವಾಗ, ಚಾರ್ಜರ್ 270 ವೋಲ್ಟ್ ಹಿಡಿದು ನಿಂತಿರುತ್ತದೆ. ಒಂದು ಸೆಲ್ ಶಾರ್ಟ್ ಆದರೂ ಒಟ್ಟು 270 ಕದಲುವುದಿಲ್ಲ. ಉಳಿದ 119 ಸೆಲ್ ಅದರ ಪಾಲನ್ನು ಹಂಚಿಕೊಂಡು 2.25ರಿಂದ 2.27ಕ್ಕೆ ಏರಿ, ಬಿಸಿಯಾಗಿ, ನಿಧಾನ ಒಣಗುತ್ತವೆ. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿದ ಲೆಕ್ಕ. ಒಣಗಿ ಒಳ ರೆಸಿಸ್ಟೆನ್ಸ್ ಏರಿಸಿಕೊಂಡ ಬ್ಯಾಟರಿಯದ್ದು ಇನ್ನೂ ಮೋಸ. ಫ್ಲೋಟಿನಲ್ಲಿ ಸಭ್ಯವಾಗಿ ಕೂತಿರುತ್ತದೆ, ಲೋಡ್ ಬಿದ್ದ ಕ್ಷಣ ಕುಸಿಯುತ್ತದೆ.

ಪ್ರತಿ ಬ್ಯಾಟರಿಗೂ ಸೆನ್ಸರ್ ಹಾಕುವ ಸಿಸ್ಟಮಿಗೆ ಕೊಟೇಶನ್ ಬಂದದ್ದು ಒಂದೂವರೆ ಲಕ್ಷದ ಹತ್ತಿರ. ಬ್ಯಾಂಕು ಹೊಸದಾಗಿ ಹಾಕಿದರೇ ಒಂದು ಲಕ್ಷ ಚಿಲ್ಲರೆ! ಬದಲಿಗೆ ಹತ್ತನೇ ಮತ್ತು ಹನ್ನೊಂದನೇ ಬ್ಯಾಟರಿ ನಡುವೆ ಒಂದು ಟ್ಯಾಪ್ (ಅಳೆಯುವ ತಂತಿ) ತೆಗೆದು ಎರಡು ಅರ್ಧಗಳ ವೋಲ್ಟೇಜ್ ಹೋಲಿಸಿದೆವು. ಸರಿ ಇದ್ದರೆ 135, 135. ಒಂದು ಸೆಲ್ ಶಾರ್ಟ್ ಆದರೆ 133.9 ಮತ್ತು 136.1, ಅಂದರೆ 2.2 ವೋಲ್ಟ್ ವ್ಯತ್ಯಾಸ. ವಾರ್ಷಿಕ ನಿರ್ವಹಣೆಯ ಗುತ್ತಿಗೆ ಹಿಡಿದ ಎಎಂಸಿಯವರು "ಇಷ್ಟು ಸಣ್ಣ ವ್ಯತ್ಯಾಸ ಹಿಡಿಯೋಕಾಗಲ್ಲ ಸರ್" ಎಂದರು. ಮೊದಲೆರಡು ತಿಂಗಳು ಅವರೇ ಸರಿ ಎಂದೂ ಅನಿಸಿತು.

ಮೊದಲ ಸೋಲು ದುಡ್ಡು ಉಳಿಸಲು ಹೋಗಿ ಆದದ್ದು. ವೋಲ್ಟೇಜ್ ಇಳಿಸುವ ರೆಸಿಸ್ಟರ್ ಡಿವೈಡರ್, ಅದನ್ನು ಅಂಕಿಯಾಗಿಸುವ ಮುನ್ನೂರು ರೂಪಾಯಿಯ ಎಡಿಸಿ ಮಾಡ್ಯೂಲು, ನೇರ ಪುಟ್ಟ ಕಂಪ್ಯೂಟರಾದ ರಾಸ್ಪ್‌ಬೆರಿ ಪೈಗೆ. ಈ ಜಾತಿಯ ಯುಪಿಎಸ್ಸಿನಲ್ಲಿ ಬ್ಯಾಟರಿ ಬದಿಗೂ ಮೇನ್ಸಿಗೂ ಐಸೊಲೇಶನ್ (ವಿದ್ಯುತ್ ಬೇರ್ಪಡೆ) ಇರುವುದಿಲ್ಲ. ಎಡಿಸಿ ಹೋಯಿತು, ಜೊತೆಗೆ ಪೈ ಕೂಡ. ಮನುಷ್ಯರು ಹೋಗದಿದ್ದದ್ದು ಪುಣ್ಯ. ಡಿವೈಡರ್ ಕಡೆ ತಲೆ ಹಾಕಲೇಬೇಡಿ. ಈಗ ಇರುವುದು 0–200 ವೋಲ್ಟ್ ಡಿಸಿ, ಐಸೊಲೇಟೆಡ್, ಮಾಡ್‌ಬಸ್ ಔಟ್‌ಪುಟ್ಟಿನ ಎರಡು ಟ್ರಾನ್ಸ್‌ಡ್ಯೂಸರ್. ಅಳೆದದ್ದನ್ನು ಮಾಡ್‌ಬಸ್ ಎಂಬ ಸಂವಹನ ಪದ್ಧತಿಯಲ್ಲಿ ಕಂಪ್ಯೂಟರಿಗೆ ಕೊಡುವ ಮೀಟರುಗಳಿವು, ತಲಾ ಮೂರು ಸಾವಿರ ಚಿಲ್ಲರೆ. ಎರಡು ತುದಿ, ಒಂದು ನಡು, ಹೀಗೆ ಮೂರೂ ಟ್ಯಾಪಿಗೆ ಬ್ಯಾಟರಿ ಟರ್ಮಿನಲ್ಲಿನ ಪಕ್ಕದಲ್ಲೇ ಡಿಸಿ ರೇಟಿಂಗಿನ ಅರ್ಧ ಆಂಪ್ ಫ್ಯೂಸು. ಸಾಧಾರಣ ಗಾಜಿನ ಎಸಿ ಫ್ಯೂಸು ಹಾಕಿದರೆ ತಂತಿ ಕರಗಿದರೂ ಆರ್ಕ್ ಆರುವುದಿಲ್ಲ.

ಎರಡನೇ ಸೋಲು ನಿಖರತೆಯದು. 0.5 ಕ್ಲಾಸಿನ (ಸ್ಕೇಲಿನ ಶೇಕಡಾ 0.5 ತಪ್ಪಬಹುದಾದ) ಮೀಟರು ಎಂದರೆ 200 ವೋಲ್ಟ್ ಸ್ಕೇಲಿನಲ್ಲಿ ಒಂದು ವೋಲ್ಟ್ ಆಚೀಚೆ. ಎರಡು ಮೀಟರಿನ ತಪ್ಪು ಎದುರುಬದುರಾದರೆ ನಮಗೆ ಬೇಕಾದ 2.2 ಬಹುತೇಕ ಅದರಲ್ಲೇ ಮುಳುಗಿಹೋಗುತ್ತದೆ. ಹೊಸ ಬ್ಯಾಂಕಿನ ಮೇಲೆ ಮೊದಲ ದಿನವೇ 1.4 ವೋಲ್ಟ್ ವ್ಯತ್ಯಾಸ ಕಂಡು ಅಲಾರಂ ಹೊಡೆಯಿತು, ಎಎಂಸಿಯವರಿಗೆ ನಗಲು ಒಂದು ವಿಷಯ ಸಿಕ್ಕಿತು. ಪರಿಹಾರಕ್ಕೆ ಒಂದು ಪೈಸೆ ಖರ್ಚಿಲ್ಲ: ಎರಡೂ ಮೀಟರನ್ನು ಪ್ಯಾರಲಲ್ಲಾಗಿ ಒಂದೇ ಅರ್ಧಕ್ಕೆ ಕಟ್ಟಿ, ಒಂದು ಗಂಟೆ ಬಿಟ್ಟು, ಎರಡರ ಅಂತರ ಬರೆದುಕೊಂಡು ಸ್ಕ್ರಿಪ್ಟಿನಲ್ಲಿ ಕಳೆಯುವುದು. ಆಮೇಲೆ ಆರೋಗ್ಯವಂತ ಬ್ಯಾಂಕು 0.3, 0.4ರಲ್ಲಿ ಓಲಾಡಿತು. ಆರು ತಿಂಗಳಿಗೊಮ್ಮೆ ಹೀಗೆ ತೂಗಿ ನೋಡುತ್ತೇವೆ.

ಇಷ್ಟಾದರೂ ಸಂಜೆ ಹೊತ್ತು ವ್ಯತ್ಯಾಸ ಏರುತ್ತಿತ್ತು. ಸ್ಟ್ಯಾಂಡಿನ ಮೇಲಿನ ಶೆಲ್ಫು ಕೆಳಗಿನದಕ್ಕಿಂತ ಸುಮಾರು 3 ಡಿಗ್ರಿ ಬಿಸಿ, ನಮ್ಮ ಎರಡು ಅರ್ಧಗಳೂ ಶೆಲ್ಫ್ ಪ್ರಕಾರವೇ ಬಿದ್ದಿದ್ದವು. ಒಂದೇ ಫ್ಲೋಟ್ ಕರೆಂಟಿನಲ್ಲಿ ಬಿಸಿ ಸೆಲ್ಲಿನ ವೋಲ್ಟೇಜ್ ತುಸು ಇಳಿಯುತ್ತದೆ. ಇದನ್ನು ಸೂತ್ರದಲ್ಲಿ ಹೇಗೆ ಕಳೆಯುತ್ತೇವೆ ಎನ್ನುವುದು ನಮ್ಮಲ್ಲೇ ಇರಲಿ. ಎರಡು ಶೆಲ್ಫಿಗೆ ಎರಡು ಡಿಎಸ್18ಬಿ20 ತಾಪಮಾನ ಸೆನ್ಸರ್ ಕಟ್ಟಿ, ಎರಡು ವಾರದ ಡೇಟಾ ಇಟ್ಟುಕೊಂಡು ಕೂತರೆ ನಿಮಗೂ ಸಿಗುತ್ತದೆ. ಆ ಸೆನ್ಸರಿನ ಒಂದು ಚಾಳಿ ಮಾತ್ರ ಹೇಳಿಬಿಡುತ್ತೇನೆ: ಪವರ್ ಮಿಣುಕಿ ಬಂದ ಕೂಡಲೇ ಓದಿದರೆ ಸರಿಯಾಗಿ 85 ಡಿಗ್ರಿ ಕೊಡುತ್ತದೆ. ಅದು ಚಿಪ್ಪಿನ ರೀಸೆಟ್ ಮೌಲ್ಯ, ಬೆಂಕಿಯಲ್ಲ. ನಿಖರ 85 ಬಂದರೆ ಆ ರೀಡಿಂಗ್ ಎಸೆಯಿರಿ.

ಓದುವ ವೇಗದ್ದು ಇನ್ನೊಂದು ಪಾಠ. ಪ್ರೊಮೀಥಿಯಸ್ 30 ಸೆಕೆಂಡಿಗೊಮ್ಮೆ ಕೇಳುತ್ತಿತ್ತು, ಕರೆಂಟು ಹೋಗಿ ಡಿಜಿ ಬರುವುದು ಹನ್ನೆರಡರಲ್ಲಿ. ನಮಗೆ ಬೇಕಾದ ಕುಸಿತ ಆ ಸಂದಿಯಲ್ಲೇ ತಪ್ಪಿಸಿಕೊಳ್ಳುತ್ತಿತ್ತು. ಈಗ ಸ್ಕ್ರಿಪ್ಟು ಅರ್ಧ ಸೆಕೆಂಡಿಗೊಮ್ಮೆ ಓದಿ, ಕಳೆದ ಒಂದು ನಿಮಿಷದ ಗರಿಷ್ಠ ವ್ಯತ್ಯಾಸವನ್ನು ಪ್ರೊಮೀಥಿಯಸ್ ಓದಿಕೊಳ್ಳುವ ಟೆಕ್ಸ್ಟ್‌ಫೈಲ್ ಕಲೆಕ್ಟರಿನ ಫೈಲಿಗೆ ಬರೆಯುತ್ತದೆ. ಬೇರೆ ಹೆಸರಲ್ಲಿ ಬರೆದು ಆಮೇಲೆ ಮೂವ್ ಮಾಡಿ, ಇಲ್ಲದಿದ್ದರೆ ಅರ್ಧ ಬರೆದ ಫೈಲನ್ನೇ ಓದಿಕೊಂಡು ಹೋಗುತ್ತದೆ. ಸ್ಕ್ರಿಪ್ಟು ಸತ್ತರೆ ಹಳೆಯ ಫೈಲು ಹಾಗೇ ಉಳಿದು ಗ್ರಾಫು ನೇರ ಗೆರೆ ಎಳೆಯುತ್ತಿರುತ್ತದೆ. ನಾವು ಒಂಬತ್ತು ದಿನ ಆ ಗೆರೆ ನೋಡಿ ಖುಷಿಪಟ್ಟಿದ್ದೇವೆ! ಫೈಲಿನ ಎಂಟೈಮ್ (ಕೊನೆಯ ಸಲ ಬರೆದ ಸಮಯ) ಐದು ನಿಮಿಷಕ್ಕಿಂತ ಹಳೆಯದಾದರೆ ಅದಕ್ಕೇ ಒಂದು ಅಲರ್ಟ್ ಇರಬೇಕು.

ಮಿತಿಗಳು ಸುಮಾರಾಗಿ ಹೀಗಿವೆ. ಫ್ಲೋಟಿನಲ್ಲಿ 1.2 ವೋಲ್ಟ್ ದಾಟಿ ಅರ್ಧ ಗಂಟೆ ನಿಂತರೆ ಎಚ್ಚರಿಕೆ, ಡಿಸ್ಚಾರ್ಜಿನಲ್ಲಿ 3 ದಾಟಿದರೆ ತಕ್ಷಣ ಫೋನು. ಡಿಸ್ಚಾರ್ಜ್ ಆದ ಮೇಲಿನ ಆರು ಗಂಟೆ ಫ್ಲೋಟ್ ಅಲರ್ಟ್ ಬಂದ್, ಆಗ ಎಲ್ಲ ಬ್ಯಾಟರಿಯೂ ಒಂದೇ ಹದದಲ್ಲಿ ತುಂಬುವುದಿಲ್ಲ. ಕರೆಂಟು ಹೋಗುವುದು ನಮಗೀಗ ಪುಕ್ಕಟೆ ಲೋಡ್ ಟೆಸ್ಟು. ಮೂರು ತಿಂಗಳಲ್ಲಿ ಡಿಸ್ಚಾರ್ಜ್ ವ್ಯತ್ಯಾಸ 0.8, 1.5, 2.6 ಎಂದು ಏರಿದ್ದನ್ನು ನೋಡಿ, ಮೂರು ದಾಟುವವರೆಗೆ ಕಾಯದೆ ಆ ಅರ್ಧದ ಹತ್ತನ್ನೂ ಲೋಡಿನಲ್ಲಿ ಅಳೆದೆವು. 14ನೆಯದು 10 ವೋಲ್ಟಿಗಿಂತ ಕೆಳಗೆ ಬಿತ್ತು. ಬ್ಯಾಂಕಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ, ಗ್ರಾಫ್ ತೋರಿಸಿ ವಾರಂಟಿಯಲ್ಲೇ ಬದಲಿಸಿಕೊಂಡೆವು. ಒಟ್ಟು ಖರ್ಚು, ಸುಟ್ಟ ಪೈ ಸೇರಿ, 20 ಸಾವಿರದೊಳಗೆ. ಕಾರ್ಡಿನ ಪ್ರಕಾರ ಆ ದಿನವೂ ಎಲ್ಲ ಹಸಿರೇ.

ಅಲರ್ಟ್ ಹೋಗುವ ದಾರಿಯೂ ಕೈಕೊಟ್ಟದ್ದುಂಟು. ಇಂಟರ್ನೆಟ್ ಬಿದ್ದಾಗ ಇರಲಿ ಎಂದು ಜಿಎಸ್‌ಎಂ ಮೋಡೆಮ್ ಇಟ್ಟರೆ, ಒಮ್ಮೆ ಸಿಮ್ಮಿನ ರೀಚಾರ್ಜ್ ಮುಗಿದಿತ್ತು. ಇನ್ನೊಮ್ಮೆ ಒಂದು ಸ್ವಿಚ್ ಸತ್ತು ಹೊರಟ ಮೆಸೇಜುಗಳೇ ಪ್ಯಾಕಿನ ದಿನದ ನೂರರ ಮಿತಿ ತಿಂದುಹಾಕಿದವು. ಅಲರ್ಟ್‌ಮ್ಯಾನೇಜರಿನಲ್ಲಿ (ಪ್ರೊಮೀಥಿಯಸ್ಸಿನ ಅಲರ್ಟ್ ಕಳಿಸುವ ಭಾಗ) ಒಂದೇ ಬಗೆಯವನ್ನು ಒಟ್ಟುಗೂಡಿಸುವ ಗ್ರೂಪಿಂಗ್, ಒಂದರಿಂದ ಹುಟ್ಟಿದ ಉಳಿದವನ್ನು ತಡೆಯುವ ಇನ್‌ಹಿಬಿಟ್ ಹಾಕದೆ ಎಸ್ಸೆಮ್ಮೆಸ್ ಕಡೆ ಹೋಗಬೇಡಿ. ರೂಮೇ ಸತ್ತರೆ ಹೇಳುವುದಕ್ಕೆ ಹೊರಗೆ ಒಂದು ಸಣ್ಣ ವಿಎಂ (ವರ್ಚುಯಲ್ ಸರ್ವರ್) ಇದೆ, ಇಲ್ಲಿನ ನಾಡಿ ಬಡಿತ ನಿಂತರೆ ಅದು ಕೂಗುತ್ತದೆ.

ಎಸಿಗೂ ಒಂದು ಸಣ್ಣ ಪ್ರಯೋಗ ನಡೆದಿದೆ. ಗಾಳಿ ಬರುವ ಬಾಯಿಗೆ ಒಂದು, ಹೀರುವ ಕಡೆ ಒಂದು ಸೆನ್ಸರ್. ಅಂತರ 8–12 ಡಿಗ್ರಿ ಇದ್ದರೆ ಕ್ಷೇಮ. ವಾರಗಟ್ಟಲೆ ಇಳಿಯುತ್ತ 6ಕ್ಕೆ ಬಂದರೆ ಗ್ಯಾಸ್ ಕಮ್ಮಿಯಾಗಿರಬಹುದು. ದಿಢೀರ್ ಸೊನ್ನೆಯಾದರೆ ಕರೆಂಟು ಬಂದ ಮೇಲೆ ಸ್ಪ್ಲಿಟ್ ಎಸಿ ತಾನೇ ಶುರುವಾಗಿಲ್ಲ ಎಂದರ್ಥ, ಆಟೋ ರೀಸ್ಟಾರ್ಟ್ ಆನ್ ಇದೆಯೇ ನೋಡಿ.

ಈಗ ಕೈಯಲ್ಲಿರುವುದು ಡಿಜಿಯ ಸ್ಟಾರ್ಟಿಂಗ್ ಬ್ಯಾಟರಿ. ಕ್ರ್ಯಾಂಕ್ ಆಗುವಾಗ (ಎಂಜಿನ್ ತಿರುಗಿಸಿ ಶುರುಮಾಡುವಾಗ) ವೋಲ್ಟೇಜ್ 9.6ರ ಕೆಳಗೆ ಇಳಿದರೆ ಬದಲಿಸಬೇಕು ಎನ್ನುವುದು ಲೆಕ್ಕ. ಆದರೆ ಆ ಇಳಿತ ಎಷ್ಟು ಕ್ಷಣಿಕವೆಂದರೆ ನಮ್ಮ ಅರ್ಧ ಸೆಕೆಂಡಿನ ಮಾಡ್‌ಬಸ್ಸಿಗೆ ಸಿಗುತ್ತಲೇ ಇಲ್ಲ. ಇದು ಬರೀ 12 ವೋಲ್ಟು. ಹಾಗಾಗಿ ಅಂಥದ್ದೇ ಮುನ್ನೂರು ರೂಪಾಯಿಯ ಎಡಿಸಿ ಮಾಡ್ಯೂಲು, ಡಿವೈಡರು ಮತ್ತೆ ಹೊರಗೆ ಬಂದಿವೆ, ಈ ಸಲ ತಮಗೆ ತಕ್ಕ ಜಾಗಕ್ಕೆ.