ಓವರಾಲ್‌ಗೆ ಗಂಜಿ ಹಾಕಬೇಡಿ

ಬೀದರಿನ ಟೈಲರ್‌ಗೆ ವರ್ಷಕ್ಕೆ ಮೂರು ಸೀಸನ್. ಲಗ್ನ, ರಂಜಾನ್, ಜೂನ್ ತಿಂಗಳ ಶಾಲೆ ಯೂನಿಫಾರ್ಮ್. ನನ್ನ ಅಂಗಡಿ ಚಿದ್ರಿ ಕಡೆ ಹೋಗುವ ರಸ್ತೆಯಲ್ಲಿರುವುದರಿಂದ ನನಗೆ ಇನ್ನೊಂದು ಸೀಸನ್ ಇದೆ. ಏರ್‌ಫೋರ್ಸ್ ಸ್ಟೇಷನ್ನಿಗೆ ಹೊಸ ಪೈಲಟ್‌ಗಳ ಬ್ಯಾಚ್ ಬಂದಾಗ.

ಹಾಕ್ ಎಂಬ ತರಬೇತಿ ಜೆಟ್ ವಿಮಾನ ಇಲ್ಲಿಗೆ ಬಂದದ್ದು 2008ರಲ್ಲಿ. ಫೈಟರ್ ಪೈಲಟ್ ಆಗುವವರು ಕೊನೆ ಹಂತದ ತರಬೇತಿಗೆ ನಮ್ಮೂರಿಗೆ ಬರುತ್ತಾರೆ. ಅದಕ್ಕೂ ಮುಂಚೆ, 1996ರಲ್ಲಿ, ಆಕಾಶದಲ್ಲಿ ಕಸರತ್ತು ತೋರಿಸುವ ಏರ್‌ಫೋರ್ಸಿನ ಸೂರ್ಯಕಿರಣ್ ತಂಡ ಶುರುವಾದದ್ದೂ ಇಲ್ಲೇ. ಹಾಗಾಗಿ ಬೀದರಿನವರಿಗೆ ತಲೆ ಮೇಲೆ ವಿಮಾನ ಹೋದರೆ ಕತ್ತೆತ್ತಿ ನೋಡುವ ಅಭ್ಯಾಸವೇ ಇಲ್ಲ. ಆದರೆ ಆ ವಿಮಾನದೊಳಗೆ ಕೂತವರ ಬಟ್ಟೆ, ಅಂದರೆ ಪ್ಯಾಂಟು ಶರ್ಟು ಸೇರಿಸಿ ಹೊಲಿದ ಓವರಾಲ್, ಕೈಗೆ ಬಂದರೆ ನಾನು ಚಾಳೀಸು ಹಾಕಿಕೊಂಡೇ ಮುಟ್ಟುವುದು.

ಮೊದಲೇ ಹೇಳಿಬಿಡುತ್ತೇನೆ. ಓವರಾಲ್ ಕೊಡುವುದು, ತಪಾಸಣೆ ಮಾಡುವುದು, ಹಾಳಾಗಿದ್ದನ್ನು ಕಂಡೆಮ್ ಮಾಡುವುದು ಎಲ್ಲಾ ಸ್ಟೇಷನ್ ಒಳಗಿನ ಕೆಲಸ. ನನ್ನ ಹತ್ತಿರ ಬರುವುದು ಚಿಲ್ಲರೆ ಕೆಲಸ. ಕಾಲು ಉದ್ದ ಆಗಿದೆ, ಹೆಸರಿನ ಪಟ್ಟಿ ಹಚ್ಚಬೇಕು, ಜೇಬಿನ ಮೂಲೆ ಬಿಚ್ಚಿದೆ, ಜಿಪ್ಪು ಹಿಡಿಯುತ್ತಿದೆ. ಚಿಲ್ಲರೆ ಅಂದರೂ ಮಾಮೂಲಿ ಪ್ಯಾಂಟಿನ ಕೆಲಸದ ಥರ ಮಾಡಿದರೆ ನಡೆಯುವುದಿಲ್ಲ. ನಮ್ಮ ಕಸುಬಿನಲ್ಲಿ ಯಾವುದನ್ನು ಒಳ್ಳೇ ಫಿಟಿಂಗ್, ಒಳ್ಳೇ ಫಿನಿಶಿಂಗ್ ಅಂತೀವೋ, ಅದರಲ್ಲಿ ಅರ್ಧ ಈ ಬಟ್ಟೆಗೆ ತಪ್ಪು.

ಬಟ್ಟೆ ವಿಷಯ ಸ್ವಲ್ಪ ತಿಳಿದಿರಬೇಕು. ಬೆಂಕಿ ತಡೆಯುವ ಓವರಾಲ್‌ಗೆ ಹೆಸರಾದ ಬಟ್ಟೆ ನೋಮೆಕ್ಸ್. ಅರಾಮಿಡ್ ಎಂಬ ನೂಲಿನದು. ಜಾಸ್ತಿ ಬಳಕೆಯಲ್ಲಿರುವ ತಳಿಯಲ್ಲಿ 93 ಪಾಲು ನೋಮೆಕ್ಸ್, 5 ಪಾಲು ಕೆವ್ಲಾರ್ ಎಂಬ ಗಟ್ಟಿ ನೂಲು, 2 ಪಾಲು ಸ್ಟ್ಯಾಟಿಕ್ ಕರೆಂಟ್ ತಡೆಯುವ ಇಂಗಾಲದ ಎಳೆ ಇರುತ್ತದೆ. ಈ ಬಟ್ಟೆ ಕರಗುವುದಿಲ್ಲ. ಸುಮಾರು 370 ಡಿಗ್ರಿ ಶಾಖದ ಹತ್ತಿರ ಬಂದಾಗ ಕಪ್ಪಾಗಿ, ದಪ್ಪಗಾಗಿ, ಕರಕಲಾಗುತ್ತದೆ. ಬೆಂಕಿ ತೆಗೆದರೆ ತಾನೇ ಆರುತ್ತದೆ. ಈ ಗುಣ ಮೇಲೆ ಬಳಿದ ಔಷಧಿಯದ್ದಲ್ಲ, ನೂಲಿನ ಒಳಗೇ ಇದೆ. ಎಷ್ಟು ಸಲ ಒಗೆದರೂ ಹೋಗುವುದಿಲ್ಲ. ಆದರೆ ಒಗೆಯುವವನು ಅದರ ಮೇಲೆ ಏನು ಉಳಿಸುತ್ತಾನೆ, ಹೊಲಿಯುವವನು ಒಳಗೆ ಏನು ಸೇರಿಸುತ್ತಾನೆ, ಅದು ಬೇರೆ ಮಾತು. ನನ್ನ ತಲೆನೋವೆಲ್ಲ ಅಲ್ಲೇ.

ಮೊದಲು ಫಿಟಿಂಗ್.

ಬರುವ ಹುಡುಗರೆಲ್ಲ ಇಪ್ಪತ್ತೆರಡು ಇಪ್ಪತ್ಮೂರರ ಆಸುಪಾಸಿನವರು. ಕನ್ನಡಿ ಮುಂದೆ ನಿಂತು ಸೊಂಟದ ಹತ್ತಿರ ಬಟ್ಟೆ ಚಿವುಟಿ ಹಿಡಿದು, "ಮಾಸ್ಟರ್‌ಜೀ, ಇಲ್ಲಿ ಸ್ವಲ್ಪ ಟೈಟ್ ಮಾಡಿ" ಅಂತಾರೆ. ವಯಸ್ಸೇ ಹಾಗೆ, ಅಲ್ವಾ? ನಾನು ಕನ್ನಡಿಗೆ ಪರದೆ ಎಳೆದು ಒಂದು ಗಿಡ್ಡ ಸ್ಟೂಲ್ ಮುಂದಿಡುತ್ತೇನೆ. "ಕೂತ್ಕೊಳ್ಳಿ ಸರ್. ಕಾಲು ಮುಂದೆ ಚಾಚಿ. ಬಲಗೈ ಸ್ಟಿಕ್ ಮೇಲೆ, ಎಡಗೈ ಥ್ರಾಟಲ್ ಮೇಲೆ ಇದೆ ಅಂತ ಹಿಡೀರಿ." ಬೂಟು ಹಾಕಿಕೊಂಡೇ ಬರಬೇಕು ಅಂತ ಮುಂಚೆಯೇ ಹೇಳಿರುತ್ತೇನೆ. ಚಪ್ಪಲಿಯಲ್ಲಿ ಬಂದವರನ್ನು ವಾಪಸ್ ಕಳಿಸಿದ್ದೂ ಉಂಟು.

ಕೂತಾಗಲೇ ನಿಜ ಗೊತ್ತಾಗುವುದು. ಪ್ಯಾಂಟು ಶರ್ಟು ಬೇರೆ ಬೇರೆ ಇದ್ದರೆ ಬಗ್ಗಿದಾಗ ಶರ್ಟು ಮೇಲೆ ಸರಿಯುತ್ತದೆ, ಬೆನ್ನಿಗೆ ಜಾಗ ಸಿಗುತ್ತದೆ. ಓವರಾಲ್ ಕುತ್ತಿಗೆಯಿಂದ ಪಾದದವರೆಗೆ ಒಂದೇ ತುಂಡು. ಕೂತಾಗ ಬೆನ್ನು ಉದ್ದವಾಗುತ್ತದೆ. ಬಟ್ಟೆಯಲ್ಲಿ ಅಷ್ಟು ಉದ್ದ ಇಲ್ಲದಿದ್ದರೆ ಭುಜವನ್ನು ಕೆಳಗೆ ಎಳೆಯುತ್ತದೆ, ಕೂರುವ ಭಾಗದ ಬಟ್ಟೆಯನ್ನು ಮೇಲಕ್ಕೆ ಎಳೆಯುತ್ತದೆ. ಗಂಟೆಗಟ್ಟಲೆ ಬೆಲ್ಟು ಬಿಗಿದು ಕೂರುವವರಿಗೆ ಇದು ಸಣ್ಣ ತೊಂದರೆಯಲ್ಲ. ಅದಕ್ಕೇ ನಾನು ಎದೆ, ಸೊಂಟಕ್ಕಿಂತ ಮೊದಲು ಒಂದು ಸುತ್ತಳತೆ ತೆಗೆಯುತ್ತೇನೆ. ಟೇಪನ್ನು ಭುಜದಿಂದ ಮುಂದೆ ಇಳಿಸಿ, ಕಾಲ ಸಂದಿಯಿಂದ ಹಿಂದೆ ತೆಗೆದು, ಬೆನ್ನ ಮೇಲಿಂದ ಅದೇ ಭುಜಕ್ಕೆ ತರುವುದು. ನಿಂತಾಗ ಒಮ್ಮೆ, ಕೂತಾಗ ಒಮ್ಮೆ. ಓವರಾಲ್‌ನಲ್ಲಿ ಈ ಉದ್ದ ಕಮ್ಮಿಯಿದ್ದರೆ ಯಾವ ಟೈಲರ್ ಕೈಯಲ್ಲೂ ಸರಿಯಾಗುವುದಿಲ್ಲ. "ಸೈಜ್ ಬದಲಿಸಿಕೊಂಡು ಬನ್ನಿ ಸರ್" ಅಂತ ಹೇಳಿ ಕಳಿಸುವುದೇ ಸರಿ.

ಆಮೇಲೆ ಮಣಿಕಟ್ಟು. ಕೈ ಪೂರ್ತಿ ಮುಂದೆ ಚಾಚಿದಾಗ ತೋಳು ಹಿಂದೆ ಸರಿಯುತ್ತದೆ. ಗ್ಲೋವ್ಸಿಗೂ ತೋಳಿಗೂ ನಡುವೆ ಒಂದು ಬೆರಳಗಲ ಚರ್ಮವೂ ಕಾಣಬಾರದು. ಕಣಕಾಲಿಗೂ ಇದೇ ಲೆಕ್ಕ. ನಿಂತಾಗ ಕಾಲು ಸ್ವಲ್ಪ ಉದ್ದ ಅನ್ನಿಸಿದರೆ ಕೂತಾಗ ಬೂಟಿನ ಮೇಲೆ ಸರಿಯಾಗಿ ಕೂರುತ್ತದೆ. ನಿಂತಾಗ ನೀಟಾಗಿ ಕಂಡರೆ ಕೂತಾಗ ಮೀನಖಂಡ ಕಾಣುತ್ತದೆ. ಕೊನೆಗೆ ತಲೆ ಹಿಂದೆ ತಿರುಗಿಸಿ ನೋಡಲು ಹೇಳುತ್ತೇನೆ. ಫೈಟರ್ ಪೈಲಟ್‌ಗೆ ಹಿಂದೆ ನೋಡುವುದೇ ಅರ್ಧ ಕೆಲಸ. ಕಾಲರ್ ಕುತ್ತಿಗೆಗೆ ಉಜ್ಜಿದರೆ ಅಲ್ಲೇ ಗೊತ್ತಾಗುತ್ತದೆ.

ಟೈಟ್ ಮಾಡುವ ವಿಷಯಕ್ಕೆ ಬಂದರೆ, ನಾನು ಬದಿ ಹೊಲಿಗೆ ಬಿಚ್ಚುವುದೇ ಇಲ್ಲ. ಸೊಂಟದಲ್ಲಿ ಎಳೆದು ಅಂಟಿಸುವ ವೆಲ್ಕ್ರೋ ಪಟ್ಟಿ ಇರುವುದು ಅದಕ್ಕೇ. ಮೈಗೂ ಬಟ್ಟೆಗೂ ನಡುವೆ ಗಾಳಿ ಇರಬೇಕು. ಬೆಂಕಿ ತಾಗಿದರೆ ಆ ಗಾಳಿಯೇ ಶಾಖ ಚರ್ಮಕ್ಕೆ ಮುಟ್ಟುವುದನ್ನು ತಡ ಮಾಡುವುದು. ರೊಟ್ಟಿ ತಿರುವಿಹಾಕುವಾಗ ಮಡಿಚಿದ ಬಟ್ಟೆ ಸಡಿಲವಾಗಿದ್ದರೆ ಕೈ ತಡೆಯುತ್ತದೆ, ಒತ್ತಿ ಹಿಡಿದರೆ ಚುರ್ ಅನ್ನುತ್ತದಲ್ಲ, ಹಾಗೆ. ಇಷ್ಟು ಹೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಕೆಲವರು ಬೇರೆ ಟೈಲರ್ ಹತ್ತಿರ ಹೋಗುತ್ತಾರೆ. ಹೋಗಲಿ.

ಕಾಲು ಗಿಡ್ಡ ಮಾಡುವುದರಲ್ಲೂ ಒಂದು ಸೂಕ್ಷ್ಮ ಇದೆ. ಫೈಟರ್‌ನಲ್ಲಿ ಓವರಾಲ್ ಮೇಲೆ ಜಿ-ಸೂಟ್ ಕಟ್ಟಿಕೊಳ್ಳುತ್ತಾರೆ. ವಿಮಾನ ಜೋರಾಗಿ ತಿರುಗುವಾಗ ಅದರ ಚೀಲಗಳಿಗೆ ಗಾಳಿ ತುಂಬಿ ಹೊಟ್ಟೆ, ತೊಡೆ, ಮೀನಖಂಡವನ್ನು ಹಿಂಡುತ್ತದೆ. ರಕ್ತ ಕಾಲಿಗೆ ಇಳಿದು ಕಣ್ಣು ಕತ್ತಲೆ ಬರಬಾರದು ಅಂತ. ಆ ಒತ್ತಡದ ಕೆಳಗೆ ನನ್ನ ದಪ್ಪ ಮಡಿಕೆ ಇದ್ದರೆ ಅದು ಚರ್ಮಕ್ಕೆ ಕಚ್ಚುತ್ತದೆ. ಮಕ್ಕಳ ಯೂನಿಫಾರ್ಮಿಗೆ ಬಿಡುವ ಹಾಗೆ ಮುಂದಿನ ವರ್ಷಕ್ಕಿರಲಿ ಅಂತ ಒಳಗೆ ಬಟ್ಟೆ ಬಿಡುವಂತಿಲ್ಲ. ಹೆಚ್ಚಿನದ್ದನ್ನು ಕತ್ತರಿಸಿ, ಕಾಲಿನ ಜಿಪ್ಪನ್ನು ಪೂರ್ತಿ ಬಿಚ್ಚಿ ಮೇಲಕ್ಕೆ ಸರಿಸಿ ಹಚ್ಚಿ, ಅಂಚನ್ನು ತೆಳ್ಳಗೆ ಮಡಿಚುತ್ತೇನೆ. ಸಮಯ ಹಿಡಿಯುತ್ತದೆ, ಕತ್ತರಿಯೂ ಬೇಗ ಮೊಂಡಾಗುತ್ತದೆ.

ಈಗ ಹೆಣ್ಣುಮಕ್ಕಳೂ ಬರುತ್ತಾರೆ. 2016ರ ಜೂನ್‌ನಲ್ಲಿ ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಕಮಿಷನ್ ಪಡೆದು ಹಾಕ್ ತರಬೇತಿಗೆ ಬೀದರಿಗೇ ಬಂದಿದ್ದರು. ಊರಿನಲ್ಲಿ ಅದೇ ಮಾತು. ನನ್ನ ಅಂಗಡಿಗೆ ಬಂದವರಲ್ಲಿ ನಾನು ನೋಡಿದ್ದು ಇಷ್ಟು: ಗಂಡಸರ ಅಳತೆಗೆ ಕತ್ತರಿಸಿದ ಓವರಾಲ್‌ನಲ್ಲಿ ಅವರಿಗೆ ಭುಜ ಅಗಲ, ತೋಳು ಉದ್ದ, ಸೊಂಟದ ಕೆಳಗೆ ಮಾತ್ರ ಬಿಗಿ. ಸಹಜವಾಗಿ ಕೈ ಭುಜ ಚಿಕ್ಕದು ಮಾಡುವ ಕಡೆಗೇ ಹೋಗುತ್ತದೆ. ಆದರೆ ನಿರ್ಧಾರ ಮಾಡಬೇಕಾದದ್ದು ಕೆಳಗಿನ ಅಳತೆ ನೋಡಿ. ಕೂತಾಗ ಸೊಂಟದ ಕೆಳಗೆ ಆರಾಮ ಆಗುವ ಸೈಜ್ ಆರಿಸಿ, ಆಮೇಲೆ ತೋಳಿನ ಉದ್ದ ಇಳಿಸಿಕೊಂಡರೆ ಸಾಕು. ಭುಜ ಸ್ವಲ್ಪ ಜೋತರೂ ನಷ್ಟವಿಲ್ಲ.

ಇನ್ನು ದಾರ. ನನ್ನ ಅಕ್ಕನ ಮಗ ಅಂಗಡಿಗೆ ಸೇರಿದ ಹೊಸದರಲ್ಲಿ ಹಸಿರು ಬಣ್ಣ ಹೊಂದಿಸಿ ಒಂದು ರೀಲು ತಂದು, "ಮಾಮಾ, ಇದು ನಡೀತದೇನ್ರಿ?" ಅಂದ. ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ವಾಸಿ. ಮೇಣದಬತ್ತಿ ಹಚ್ಚಿ ಇಕ್ಕಳದಲ್ಲಿ ಆ ದಾರ ಹಿಡಿದೆ. ತುದಿ ಮುದುಡಿ, ಹಿಂದೆ ಓಡಿ, ಗಟ್ಟಿ ಕರೀ ಮಣಿಯಾಯಿತು. ಅದು ಪಾಲಿಯೆಸ್ಟರ್. ಕಾಟನ್ ದಾರ ಹಿಡಿದೆ. ಕಾಗದ ಸುಟ್ಟ ವಾಸನೆ ಬಂತು, ಕೆಂಡ ಮೇಲಕ್ಕೆ ಏರುತ್ತಲೇ ಇತ್ತು, ಬೂದಿ ಉದುರಿತು. ಮೂರನೆಯದು ಅರಾಮಿಡ್ ದಾರ. ತುದಿ ಕಪ್ಪಾಯಿತು. ಬತ್ತಿಯಿಂದ ಹೊರಗೆ ತೆಗೆದ ಕೂಡಲೇ ಅಲ್ಲೇ ನಿಂತಿತು. "ತಿಳೀತ್ರಿ" ಅಂದ. ಬಟ್ಟೆ ಉಳಿದು ದಾರ ಕರಗಿದರೆ ಆಗುವುದೇನು? ಹೊಲಿಗೆ ಬಿಚ್ಚಿ ಓವರಾಲ್ ಬಾಯಿ ಬಿಡುತ್ತದೆ, ಕರಗಿದ್ದು ಮೈಗೆ ಅಂಟುತ್ತದೆ. ಈ ದಾರ ಬೀದರಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ಹೈದರಾಬಾದಿನಿಂದ ತರಿಸಿ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಬಾಬಿನ್ನಿಗೂ ಅದೇ ದಾರ. ಮೇಲೆ ಒಂದು, ಕೆಳಗೆ ಒಂದು ಹಾಕಿದರೆ ಕೆಲಸ ಕೆಟ್ಟ ಹಾಗೇ.

ಮಶೀನಿಗೆ ಎಣ್ಣೆ ಬಿಟ್ಟ ದಿನ ಓವರಾಲ್ ಹೊಲಿಯುವುದಿಲ್ಲ. ಹೊಲಿಯಲೇಬೇಕಾದರೆ ಹಳೇ ಬಟ್ಟೆಯ ಮೇಲೆ ಉದ್ದಕ್ಕೆ ಓಡಿಸಿ, ಸೂಜಿ ಒಣಗಿದೆ ಅಂತ ಖಾತ್ರಿ ಮಾಡಿಕೊಂಡು ಕೂರುತ್ತೇನೆ. ಎಣ್ಣೆ ಕಲೆ ಅಂದರೆ ಬೆಂಕಿಗೆ ಬತ್ತಿ ಇಟ್ಟ ಹಾಗೆಯೇ. ಗುರುತು ಹಾಕಲು ಮೇಣದ ಚಾಕ್ ಬಿಟ್ಟು ಮಣ್ಣಿನ ಚಾಕ್ ಬಳಸುತ್ತೇನೆ. ಹಿಡಿಯುವ ಜಿಪ್ಪಿಗೆ ಮೇಣದಬತ್ತಿ ಉಜ್ಜುವುದು ನಮ್ಮೆಲ್ಲರ ಹಳೇ ಉಪಾಯ. ಇದಕ್ಕೆ ಮಾತ್ರ ಪೆನ್ಸಿಲ್ ಮೊನೆ ಉಜ್ಜಿ, ಕೈಯಲ್ಲಿ ನಾಲ್ಕಾರು ಸಲ ಆಡಿಸಿದರೆ ಹಲ್ಲು ಸರಾಗವಾಗುತ್ತದೆ. ಕಲೆಗೆ ಪೆಟ್ರೋಲ್ ಅದ್ದಿ ಒರೆಸುವ ಚಟವನ್ನಂತೂ ಓವರಾಲ್ ಹತ್ತಿರ ತರಲೇಬಾರದು.

ಒಗೆಯುವುದು ನನ್ನ ಕೆಲಸವಲ್ಲ. ಆದರೂ ಬಟ್ಟೆ ನೋಡಿದರೆ ಹೇಗೆ ಒಗೆದಿದ್ದಾರೆ ಅಂತ ಗೊತ್ತಾಗುತ್ತದೆ. ಗಂಜಿ ಹಾಕಿ, ಖಡಕ್ ಇಸ್ತ್ರಿ ಮಾಡಿ, ತೋಳಿಗೆ ಗೆರೆ ಕೂರಿಸಿಕೊಂಡು ಬರುವವರಿದ್ದಾರೆ. ನೋಡಲು ಚೆಂದ. ಆದರೆ ಗಂಜಿ ಅಂದರೆ ಅನ್ನದ ತಿಳಿ, ಇಲ್ಲವೇ ಸಾಬೂದಾನಿ. ಬೆಂಕಿ ಸಿಕ್ಕರೆ ಉರಿಯುವ ವಸ್ತು. ಬಟ್ಟೆ ಮೆತ್ತಗಾಗಲಿ, ಘಮಘಮ ಅನ್ನಲಿ ಅಂತ ಕೊನೆಯ ನೀರಿಗೆ ಹಾಕುವ ಕಂಡೀಷನರ್ ಕೂಡ ತೆಳ್ಳಗೆ ಒಂದು ಪದರ ಬಿಡುತ್ತದೆ. ಅದೂ ಉರಿಯುತ್ತದೆ.

ಬಾರ್ ಸೋಪಿನ ಕಥೆ ನಮ್ಮೂರಿಗೆ ಇನ್ನೂ ಹತ್ತಿರದ್ದು. ನಮ್ಮ ಮನೆಯ ಬೋರ್ ನೀರು ಗಡಸು. ಬಕೀಟಿನ ಅಂಚಿಗೆ ಬಿಳಿ ಕರೆ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ. ಸೋಪು ಮಾಡುವುದು ಎಣ್ಣೆ, ಕೊಬ್ಬಿನಿಂದ. ಗಡಸು ನೀರಿನ ಸುಣ್ಣದಂಶದ ಜೊತೆ ಸೇರಿ ಅದು ಜಿಗಟು ಮಡ್ಡಿಯಾಗಿ ಎಳೆಗಳ ನಡುವೆ ಕೂರುತ್ತದೆ. ಎಷ್ಟು ಜಾಲಿಸಿದರೂ ಹೋಗುವುದಿಲ್ಲ. ಡಿಟರ್ಜೆಂಟ್ ಹೀಗೆ ಮಡ್ಡಿ ಕಟ್ಟುವುದಿಲ್ಲ. ಆದ್ದರಿಂದ ಸಾದಾ ಡಿಟರ್ಜೆಂಟ್, ಸ್ವಲ್ಪವೇ ಹಾಕಿ, ನೀರು ತಿಳಿಯಾಗುವ ತನಕ ಜಾಲಿಸಬೇಕು. ಬ್ಲೀಚಿಂಗ್ ಬೇಡವೇ ಬೇಡ, ಕ್ಲೋರಿನ್ ನೂಲನ್ನು ತಿನ್ನುತ್ತದೆ. ಬೀದರಿನ ಕೆಮ್ಮಣ್ಣಿನ ಧೂಳು ಮೊಣಕಾಲಿಗೆ ಹಿಡಿದಿದ್ದರೆ ಒಣಗಿದಾಗಲೇ ಜಾಡಿಸಿ, ಆಮೇಲೆ ನೆನೆಸಿ. ಒದ್ದೆ ಮಾಡಿ ಉಜ್ಜಿದರೆ ಇನ್ನೂ ಒಳಗೆ ಹೋಗುತ್ತದೆ. ವಿಮಾನದ ಇಂಧನ ಚೆಲ್ಲಿದ್ದರೆ ಮನೆಯವರ ಬಟ್ಟೆ ಜೊತೆ ಸೇರಿಸದೆ ಬೇರೆ ಒಗೆಯಬೇಕು. ವಾಸನೆ ಉಳಿದರೆ ಮತ್ತೊಮ್ಮೆ.

ಒಗೆಯುವ ಮುಂಚೆ ಎಲ್ಲಾ ಜಿಪ್ಪು ಹಾಕಿ, ವೆಲ್ಕ್ರೋ ಅಂಟಿಸಿ, ಒಳಮೈ ಹೊರಗೆ ಮಾಡಬೇಕು. ತೆರೆದ ವೆಲ್ಕ್ರೋ ಬಟ್ಟೆಯನ್ನು ಕೆರೆದು ಕೆರೆದು ಜುಂಗು ಎಬ್ಬಿಸುತ್ತದೆ. ಆ ಜುಂಗು ಹಿಡಿದ ವೆಲ್ಕ್ರೋ ಮುಂದೆ ಅಂಟುವುದೂ ಇಲ್ಲ. ದಬ್ಬಣ ತೆಗೆದುಕೊಂಡು ಕೂತು ಅದನ್ನು ಬಿಡಿಸುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಒಣಗಿಸುವುದು ನೆರಳಲ್ಲಿ. ಅರಾಮಿಡ್‌ಗೆ ಬೆಂಕಿಗಿಂತ ದೊಡ್ಡ ವೈರಿ ಬಿಸಿಲು. ಏಪ್ರಿಲ್, ಮೇ ತಿಂಗಳ ನಮ್ಮ ಮಾಳಿಗೆ ಬಿಸಿಲಿಗೆ ದಿನವೂ ಹಾಕಿದರೆ ಬಣ್ಣ ಹಾರುತ್ತದೆ, ನೂಲಿನ ಕಸುವೂ ಇಳಿಯುತ್ತದೆ. ಭುಜದ ಮೇಲೆ ಬಣ್ಣ ಬಿಳಿಚಿದ ಓವರಾಲ್ ಬಂದರೆ ನಾನು ಅಲ್ಲಿ ಹೊಲಿಗೆ ಹಾಕುವ ಮುಂಚೆ ಎರಡು ಕೈಯಲ್ಲಿ ಹಿಡಿದು ಎಳೆದು ನೋಡುತ್ತೇನೆ.

ಒಳಗೆ ಹಾಕುವ ಬನಿಯನ್ ಕಾಟನ್ನೇ ಇರಬೇಕು. ಜಿಮ್ಮಿಗೆ ಹಾಕುವ ಮಿರಮಿರ ಟೀ ಶರ್ಟು ಕರಗುವ ಜಾತಿ.

ಆಗಸ್ಟ್ 15 ಬಂತೆಂದರೆ ಅಪ್ಪ ಅಮ್ಮಂದಿರು ಮಕ್ಕಳ ಕೈ ಹಿಡಿದು ಬರುತ್ತಾರೆ. "ಸೂರ್ಯಕಿರಣ್ ಡ್ರೆಸ್ ಬೇಕ್ರಿ." ಅದನ್ನು ಮಾಮೂಲಿ ಟೆರಿಕಾಟ್‌ನಲ್ಲಿ ಖುಷಿಯಿಂದ ಹೊಲಿದು ಕೊಡುತ್ತೇನೆ. ದೊಡ್ಡವರು ಬಂದು ನಮಗೂ ಅಸಲಿಯಂಥದ್ದೇ ಬೇಕು, ಬ್ಯಾಡ್ಜ್ ಸಮೇತ ಅಂದರೆ ಇಲ್ಲ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದವರು ಸೇನೆಯ ಉಡುಪಿನಲ್ಲೇ ಬಂದಿದ್ದರು. ರಿಪೇರಿಗೆ ತಂದವರದ್ದೂ ಗುರುತಿನ ಚೀಟಿ ನೋಡುತ್ತೇನೆ. ರಾತ್ರಿ ಅಂಗಡಿಯಲ್ಲಿ ಓವರಾಲ್ ಬಿಡುವುದಿಲ್ಲ, ಮನೆಗೆ ತಂದು ಕಪಾಟಿನಲ್ಲಿಡುತ್ತೇನೆ. ನನ್ನ ಹೆಂಡತಿಗೆ ಇದು ಅತಿ ಅನ್ನಿಸುತ್ತದೆ.

ಹರಿದದ್ದಕ್ಕೆ ತೇಪೆ ಹಾಕುವಾಗ ಬಟ್ಟೆ ಕೇಳಿ ಇಸಿದುಕೊಳ್ಳುತ್ತೇನೆ. ಅದೇ ಜಾತಿಯ ಬಟ್ಟೆಯೇ ಆಗಬೇಕು, ಬಣ್ಣ ಹೊಂದಿದರೆ ಸಾಲದು. ತೇಪೆಯನ್ನು ಒಳಗಿನಿಂದ ಇಟ್ಟು, ಮೂಲೆಗಳನ್ನು ಉರುಟು ಕತ್ತರಿಸಿ, ಸುತ್ತ ಎರಡು ಸಾಲು ಹೊಲಿಗೆ. ಮೂಲೆ ಚೂಪಾಗಿದ್ದರೆ ಜಿ-ಸೂಟ್ ಕೆಳಗೆ ಅದೇ ಮೊದಲು ಏಳುವುದು. ಅಂಗೈಗಿಂತ ದೊಡ್ಡ ಹರಕು, ಸುಟ್ಟ ಕಲೆ, ಹಿಡಿದು ಎಳೆದರೆ ಚರ್ರನೆ ಬಿಡುವ ಬಟ್ಟೆ, ಇವಕ್ಕೆ ಕೈ ಹಾಕುವುದಿಲ್ಲ. ಚೀಟಿ ಬರೆದು ಪಿನ್ನು ಚುಚ್ಚಿ, "ಒಳಗೆ ತೋರಿಸಿ ಸರ್, ಹೊಸದು ಕೇಳಿ" ಅಂತ ಹಾಗೇ ಮಡಿಚಿ ವಾಪಸ್ ಕೊಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.