ಕಕ್ಷೆಯ ಗೋಲವನ್ನಿಟ್ಟುಕೊಂಡು ರೇಡಾರ್ ಕ್ಯಾಲಿಬ್ರೇಷನ್ ಮಾಡುವುದು ಹೇಗೆ?

ವಸ್ತುವೊಂದು ರೇಡಾರಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಚದರ ಮೀಟರುಗಳಲ್ಲಿ ಹೇಳುವ ಅಳತೆಯೇ ರೇಡಾರ್ ಅಡ್ಡಕೊಯ್ತ. ಆ ಅಳತೆ ಸರಿಬರುವಂತೆ ರೇಡಾರನ್ನು ಹೊಂದಿಸುವುದೇ ಕ್ಯಾಲಿಬ್ರೇಷನ್; ತಕ್ಕಡಿಗೆ ತೂಕದ ಕಲ್ಲಿನಂತೆ ಅದಕ್ಕೂ ಮೊದಲೇ ಅಳತೆ ಗೊತ್ತಿರುವ ಗುರಿಯೊಂದು ಬೇಕು.

ಮೊದಲು ಗುರಿಯನ್ನು ಆರಿಸಿಕೊಳ್ಳಿ. ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯದ ಎಲ್‌ಸಿಎಸ್-1 ಗೋಲಕ್ಕೇ ನನ್ನ ಮತ. 1965ರ ಮೇ 6ರಂದು ಟೈಟನ್ 3ಎ ರಾಕೆಟ್ ಕೇಪ್ ಕೆನವೆರಲ್‌ನಿಂದ ಒಯ್ದ ಈ ಟೊಳ್ಳು ಅಲ್ಯೂಮಿನಿಯಂ ಚೆಂಡಿನ ವ್ಯಾಸ 1.12 ಮೀಟರ್, ತೂಕ ಸುಮಾರು 34 ಕೆ.ಜಿ. ಅದರಲ್ಲಿ ಬ್ಯಾಟರಿಯಿಲ್ಲ, ಟ್ರಾನ್ಸ್‌ಮಿಟರ್ ಇಲ್ಲ, ಕೆಟ್ಟುಹೋಗುವಂಥದ್ದು ಏನೂ ಇಲ್ಲ; ಹೇಗೆ ಉರುಳಿದರೂ ಎಲ್ಲ ಕಡೆಯಿಂದಲೂ ಒಂದೇ ಆಕಾರ. ಹಳೆಯ ರಾಕೆಟ್ ಹಂತವನ್ನೇ ಗುರಿಯಾಗಿಸುವ ಅಡ್ಡದಾರಿ ಬೇಡವೇ ಬೇಡ. ಅದು ಮಗುಚಿದಂತೆಲ್ಲ ಪ್ರತಿಧ್ವನಿಯೂ ಏರಿಳಿಯುತ್ತದೆ.

ಎರಡನೆಯದು, ಹುಡುಕುವ ಕೆಲಸ. ಗೋಲ ಸುಮಾರು 2,800 ಕಿ.ಮೀ. ಎತ್ತರದಲ್ಲಿ, ಸಮಭಾಜಕಕ್ಕೆ 32 ಡಿಗ್ರಿ ಬಾಗಿದ ಕಕ್ಷೆಯಲ್ಲಿದೆ. ಪ್ರಕಟಿತ ಕಕ್ಷಾಂಕಗಳಿಂದ, ಅಂದರೆ ಅದು ಯಾವಾಗ ಎಲ್ಲಿರುತ್ತದೆಂದು ಲೆಕ್ಕಹಾಕುವ ಅಂಕಿಗಳಿಂದ, ಅದು ಸಿಗುತ್ತದೆ. ದಿಗಂತದ ಬಳಿ ವಾತಾವರಣದ ನಷ್ಟವೂ ನೆಲದ ಪ್ರತಿಫಲನವೂ ಸೇರಿಕೊಳ್ಳುವುದರಿಂದ, ಆಕಾಶದಲ್ಲಿ ಎತ್ತರಕ್ಕೆ ಬರುವ ಹಾಯುವಿಕೆಗಳನ್ನೇ ಆರಿಸಿ.

ಹೆಚ್ಚಿನವರು ಎಡವುವುದು ಮೂರನೆಯ ಹಂತದಲ್ಲಿ. ತ್ರಿಜ್ಯದ ವರ್ಗವನ್ನು ಪೈನಿಂದ ಗುಣಿಸಿದರೆ ಗೋಲದ ಅಡ್ಡಕೊಯ್ತ ಹೆಚ್ಚುಕಡಿಮೆ 1 ಚದರ ಮೀಟರ್ ಬರುತ್ತದೆ. ಆ ಒಂದನ್ನೇ ಎಲ್ಲ ಆವರ್ತನಗಳಿಗೂ ಕಣ್ಣುಮುಚ್ಚಿ ಬರೆದುಬಿಡುತ್ತಾರೆ. ಗೋಲದ ಸುತ್ತಳತೆ ತರಂಗಾಂತರದ ಹತ್ತು ಪಟ್ಟಿಗಿಂತ ದೊಡ್ಡದಾಗಿದ್ದಾಗ ಮಾತ್ರ ಆ ಲೆಕ್ಕವನ್ನು ನಂಬಬಹುದು. ಇದರ ಸುತ್ತಳತೆ ಸುಮಾರು 3.5 ಮೀಟರ್. ಮ್ಯಾಸಚೂಸೆಟ್ಸ್‌ನ ಮಿಲ್‌ಸ್ಟೋನ್ ಹಿಲ್ ರೇಡಾರಿನ 1,295 ಮೆಗಾಹರ್ಟ್ಜ್ ಆವರ್ತನದಲ್ಲಿ ತರಂಗಾಂತರ 23 ಸೆಂ.ಮೀ.; ಹದಿನೈದು ಪಟ್ಟು ಬರುವುದರಿಂದ ತೊಂದರೆಯಿಲ್ಲ. 435 ಮೆಗಾಹರ್ಟ್ಜ್‌ನಲ್ಲಾದರೆ ಬರುವುದು ಐದೇ ಪಟ್ಟು. ಅಲ್ಲಿ ಗೋಲವನ್ನು ಸುತ್ತಿಕೊಂಡು ಹಿಂದಿನಿಂದ ತೆವಳಿ ಬರುವ ಅಲೆಯು ಮುಂಭಾಗದ ಪ್ರತಿಫಲನದೊಂದಿಗೆ ಬೆರೆತು, ಒಮ್ಮೆ ಅದನ್ನು ಬಲಪಡಿಸುತ್ತದೆ, ಒಮ್ಮೆ ಕುಗ್ಗಿಸುತ್ತದೆ. ಸುತ್ತಳತೆ ತರಂಗಾಂತರದಷ್ಟೇ ಇದ್ದರಂತೂ ಅಡ್ಡಕೊಯ್ತ ಆ ಸರಳ ಲೆಕ್ಕದ ಮೂರು ಪಟ್ಟನ್ನೂ ಮೀರುತ್ತದೆ. ಆದ್ದರಿಂದ ಜರ್ಮನ್ ಭೌತವಿಜ್ಞಾನಿ ಗುಸ್ತಾವ್ ಮೀ 1908ರಲ್ಲಿ ಕೊಟ್ಟ ಸೂತ್ರದಿಂದ ನಿಮ್ಮ ಆವರ್ತನದ ಬೆಲೆಯನ್ನೇ ಕಂಡುಕೊಳ್ಳಿ. ಎಲ್ಲಕ್ಕೂ ಒಂದೇ ಸಂಖ್ಯೆ ತುಂಬಿಕೊಡುವ ಸಾಫ್ಟ್‌ವೇರನ್ನು ದೂರವಿಡಿ.

ವೃತ್ತೀಯ ಧ್ರುವೀಕರಣ, ಅಂದರೆ ತಿರುಪಿನಂತೆ ಸುತ್ತುತ್ತ ಸಾಗುವ ಅಲೆ, ಬಳಸುವವರಿಗೆ ಇನ್ನೊಂದು ಮಾತು: ಗೋಲಕ್ಕೆ ತಾಗಿ ಮರಳುವ ಅಲೆಯ ಸುತ್ತು ತಿರುವುಮುರುವಾಗುತ್ತದೆ. ಬಲಸುತ್ತು ಕಳಿಸಿ ಬಲಸುತ್ತಿನ ಚಾನೆಲ್ಲಿನಲ್ಲೇ ಕಾದು ಕುಳಿತು, ರಿಸೀವರ್ ಕೆಟ್ಟಿದೆಯೆಂದು ಬಿಚ್ಚಬೇಡಿ.

ಕೊನೆಗೆ, ಬಂದ ಶಕ್ತಿಯನ್ನು ದೂರದ ನಾಲ್ಕನೆಯ ಘಾತದಿಂದ ಗುಣಿಸಿ ಅಡ್ಡಕೊಯ್ತದಿಂದ ಭಾಗಿಸಿದರೆ ರೇಡಾರಿನ ಸ್ಥಿರಾಂಕ ಸಿಗುತ್ತದೆ; ಬೇರೆ ಗುರಿಗಳ ಅಡ್ಡಕೊಯ್ತವನ್ನು ಲೆಕ್ಕಹಾಕುವುದು ಇದರಿಂದಲೇ. ದೂರದಲ್ಲಿ ಶೇ 1ರಷ್ಟು ತಪ್ಪಿದರೆ ಉತ್ತರ ಶೇ 4ರಷ್ಟು ತಪ್ಪುತ್ತದೆ. ಹಾಗಾಗಿ ದೂರವನ್ನು ಪ್ರತಿಧ್ವನಿಯ ವಿಳಂಬದಿಂದಲೇ ಅಳೆಯಿರಿ. ಕಕ್ಷಾಂಕಗಳ ಕೆಲಸ ಹುಡುಕಿಕೊಡುವುದಷ್ಟೇ. ಬೀಮಿನ ನಡುವಿನಿಂದ ಗೋಲ ಜಾರಿದ ಕ್ಷಣಗಳ ಅಂಕಿಗಳನ್ನು ಕೈಬಿಟ್ಟು, ಬೇರೆ ಬೇರೆ ದಿನಗಳ ಹಾಯುವಿಕೆಗಳಿಂದ ಸರಾಸರಿ ತೆಗೆಯಿರಿ. ಆಂಟೆನಾ ಅಥವಾ ಆಂಪ್ಲಿಫೈಯರ್ ಬದಲಾದಾಗಲೆಲ್ಲ ಇದಿಷ್ಟನ್ನೂ ಮೊದಲಿನಿಂದ ಮಾಡಬೇಕು.